ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತಾ?

ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುವುದು ನನ್ನ ಕೆಲಸ. ಊರಿಗೆ ಹೋದಾಗೆಲ್ಲ "ಹಾಗಂದ್ರೆ ಏನಮ್ಮಾ, ಪಿಯುಸಿನಾ ಡಿಗ್ರಿನಾ?" ಅಂತ ಕೇಳುತ್ತಾರೆ. ಎರಡೂ ಅಲ್ಲ. ಎರಡು ವರ್ಷದ ಸರ್ಕಾರಿ ಕಾಲೇಜು ಅಂದುಕೊಳ್ಳಿ. ಸೀಟಿಗಾಗಿ ಪೈಪೋಟಿ ಇಲ್ಲ, 18 ತುಂಬಿದವರು ಯಾರು ಬೇಕಾದರೂ ಸೇರಬಹುದು. ರಾಜ್ಯದಲ್ಲಿ ಇಂಥ ಕಾಲೇಜುಗಳು 116 ಇವೆ. ಇಲ್ಲಿನ ನಿವಾಸಿಗಳಿಗೆ ಫೀಸು ಯೂನಿಟ್ಟಿಗೆ, ಅಂದರೆ ಒಂದು ಕ್ರೆಡಿಟ್ಟಿಗೆ, 46 ಡಾಲರ್, 2012ರಿಂದ ಏರಿಲ್ಲ. ಇಲ್ಲಿ ಎರಡು ವರ್ಷ ಮುಗಿಸಿ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಸೇರಬಹುದು. ಅದಕ್ಕೆ ಟ್ರಾನ್ಸ್‌ಫರ್ ಅನ್ನುತ್ತಾರೆ. ಬೇ ಏರಿಯಾದ ನಮ್ಮ ಕನ್ನಡದವರ ಮನೆಗಳಲ್ಲಿ "ಮಗ ಕಮ್ಯುನಿಟಿ ಕಾಲೇಜಿಗೆ ಹೋಗ್ತಾನೆ" ಅಂತ ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ. ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ, ಇರಲಿ.

ನನ್ನ ತರಗತಿಗೆ ಬರುವವರಲ್ಲಿ ಹೈಸ್ಕೂಲು ಮುಗಿಸಿ ಹತ್ತು ವರ್ಷ ಆದವರು ಇದ್ದಾರೆ, ರಾತ್ರಿ ಪಾಳಿ ಮುಗಿಸಿ ಅದೇ ಯೂನಿಫಾರ್ಮಿನಲ್ಲಿ ಬಂದು ಕೂರುವವರಿದ್ದಾರೆ, ಮಗುವನ್ನು ಅಕ್ಕನ ಮನೆಯಲ್ಲಿ ಬಿಟ್ಟು ಬರುವ ತಾಯಂದಿರಿದ್ದಾರೆ. ಮೆಕ್ಸಿಕೋ ಕಡೆಯಿಂದ ಬಂದ ಕುಟುಂಬದ ಮಕ್ಕಳು ಜಾಸ್ತಿ. ಅವರು ನನ್ನನ್ನು "ಮಿಸ್" ಅಂತಾರೆ, ಪ್ರೊಫೆಸರ್ ಅನ್ನುವುದಿಲ್ಲ. ನಮ್ಮೂರ ಸ್ಕೂಲಲ್ಲಿ ನಾವು ಕರೆಯುತ್ತಿದ್ದ ಹಾಗೇ. ಅದು ನನಗೆ ಇಷ್ಟ.

ಕೆಲಸಕ್ಕೆ ಸೇರಿದಾಗ ಇಲ್ಲಿನ ಪದ್ಧತಿ ಹೀಗಿತ್ತು. ಬಂದವರಿಗೆಲ್ಲ ಮೊದಲು ಕಂಪ್ಯೂಟರಿನ ಮುಂದೆ ಒಂದು ಪ್ಲೇಸ್‌ಮೆಂಟ್ ಪರೀಕ್ಷೆ. ಎಷ್ಟೋ ಜನ ಅದಕ್ಕೊಂದು ಬೆಲೆ ಇದೆ ಅಂತಲೇ ಗೊತ್ತಿಲ್ಲದೆ, ತಯಾರಿ ಇಲ್ಲದೆ, ಫಾರ್ಮು ತುಂಬಿದಷ್ಟೇ ಸಲೀಸಾಗಿ ಬರೆದು ಹೋಗುತ್ತಿದ್ದರು. ಅಂಕ ಕಡಿಮೆ ಬಂದರೆ ಕೆಳಗಿನ ಮೆಟ್ಟಿಲು. ಮೊದಲು ಅಂಕಗಣಿತ, ಆಮೇಲೆ ಪ್ರೀ-ಆಲ್ಜೀಬ್ರಾ, ಆಮೇಲೆ ಬೀಜಗಣಿತ ಒಂದು, ಬೀಜಗಣಿತ ಎರಡು. ಒಂದೊಂದಕ್ಕೆ ಒಂದು ಸೆಮಿಸ್ಟರ್. ಇಷ್ಟೆಲ್ಲ ಹತ್ತಿದ ಮೇಲೆ ಟ್ರಾನ್ಸ್‌ಫರ್‌ಗೆ ಲೆಕ್ಕಕ್ಕೆ ಬರುವ ಮೊದಲ ಕೋರ್ಸು. ಅಲ್ಲಿಯವರೆಗೆ ಮಾಡಿದ್ದಕ್ಕೆ ಫೀಸು ಉಂಟು, ಟ್ರಾನ್ಸ್‌ಫರ್ ಲೆಕ್ಕದಲ್ಲಿ ಬೆಲೆ ಇಲ್ಲ.

ನಾನು ಇದನ್ನು ಪೂರ್ತಿ ನಂಬಿದ್ದೆ. ಅಡಿಪಾಯ ಗಟ್ಟಿ ಇಲ್ಲದೆ ಗೋಡೆ ಎಬ್ಬಿಸುತ್ತಾರಾ? ಮಗ್ಗಿ ಬರದವನಿಗೆ ಭಾಗಾಕಾರ ಹೇಳಿಕೊಡುತ್ತಾರಾ? ಹಾಸನದ ಹತ್ತಿರದ ಹಳ್ಳಿಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಒಪ್ಪಿಸಿ ಬೆಳೆದವಳು ನಾನು. ಬೇರೆ ದಾರಿ ಇರಬಹುದು ಅಂತ ಹೊಳೆಯಲೇ ಇಲ್ಲ.

ಕಣ್ಣು ತೆರೆಸಿದ್ದು ಒಂದು ಸಣ್ಣ ಲೆಕ್ಕ. ಲಾಸ್ ಮೆಡಾನೊಸ್ ಕಾಲೇಜಿನ ಮೈರಾ ಸ್ನೆಲ್ ಮತ್ತು ಚಾಬೋ ಕಾಲೇಜಿನ ಕೇಟಿ ಹರ್ನ್ 2010ರಲ್ಲಿ ಕ್ಯಾಲಿಫೋರ್ನಿಯಾ ಆಕ್ಸಿಲರೇಶನ್ ಪ್ರಾಜೆಕ್ಟ್ ಅಂತ ಶುರು ಮಾಡಿದ್ದರು. ಈ ಮೆಟ್ಟಿಲುಗಳನ್ನು ಕಡಿಮೆ ಮಾಡಬೇಕು ಅನ್ನುವ ಅವರ ವಾದದ ತಿರುಳು ಗುಣಾಕಾರ. ನೀವೇ ಮಾಡಿ ನೋಡಿ. 100 ಜನ ಮೂರು ಮೆಟ್ಟಿಲು ಕೆಳಗೆ ಶುರು ಮಾಡುತ್ತಾರೆ. ಪ್ರತಿ ಕೋರ್ಸಿನಲ್ಲೂ ನೂರಕ್ಕೆ 70 ಜನ ಪಾಸು ಅಂದುಕೊಳ್ಳಿ, ಪಾಸಾದವರಲ್ಲಿ ನೂರಕ್ಕೆ 80 ಜನ ಮುಂದಿನದಕ್ಕೆ ಸೇರುತ್ತಾರೆ ಅಂದುಕೊಳ್ಳಿ. ಎರಡೂ ಒಳ್ಳೆಯ ಅಂಕಿಯೇ, ಮೇಷ್ಟ್ರುಗಳು ಖುಷಿಪಡುವಂಥದ್ದೇ. 70, ಅದರಲ್ಲಿ ಮುಂದೆ ಹೋದವರು 56, ಪಾಸಾದವರು 39, ಮುಂದಕ್ಕೆ 31, ಪಾಸು 22, ಟ್ರಾನ್ಸ್‌ಫರ್ ಕೋರ್ಸಿಗೆ ಸೇರಿದವರು ಸುಮಾರು 18. ಅದನ್ನೂ ಪಾಸು ಮಾಡಿದವರು 12. ಯಾವ ತರಗತಿಯಲ್ಲೂ ಅನಾಹುತ ಆಗಲಿಲ್ಲ, ಯಾವ ಮೇಷ್ಟ್ರೂ ತಪ್ಪು ಮಾಡಲಿಲ್ಲ, 88 ಜನ ಮಾತ್ರ ಕಾಣೆ.

ಅದೇ ವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಕಮ್ಯುನಿಟಿ ಕಾಲೇಜು ಸಂಶೋಧನಾ ಕೇಂದ್ರದವರ ಅಧ್ಯಯನವೂ ಬಂದಿತ್ತು. ಗಣಿತದಲ್ಲಿ ಕೆಳಗಿನ ಮೆಟ್ಟಿಲಿಗೆ ಕಳಿಸಿದವರಲ್ಲಿ ಮೂರರಲ್ಲಿ ಒಬ್ಬರು ಮಾತ್ರ ಆ ಸಾಲನ್ನು ಮುಗಿಸಿದ್ದರು. ನನಗೆ ಚುಚ್ಚಿದ್ದು ಅದಲ್ಲ. ಬಿಟ್ಟು ಹೋದವರಲ್ಲಿ ಫೇಲಾಗಿ ಹೋದವರಿಗಿಂತ, ಸುಮ್ನೆ ಮುಂದಿನ ಕೋರ್ಸಿಗೆ ಹೆಸರೇ ಹಚ್ಚದೆ ಹೋದವರು ಹೆಚ್ಚು. ನಾನು ಎ ಗ್ರೇಡ್ ಕೊಟ್ಟು ಬೆನ್ನು ತಟ್ಟಿ ಕಳಿಸಿದವರು ಅವರಲ್ಲಿ ಎಷ್ಟು ಜನರೋ.

ಆದರೂ ನಾನಾಗಿಯೇ ಬದಲಾದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಾನೂನು ಬದಲಾಯಿಸಿತು. 2017ರಲ್ಲಿ ಎಬಿ 705 ಅನ್ನುವ ಮಸೂದೆಗೆ ಸಹಿ ಬಿತ್ತು. ಹೈಸ್ಕೂಲಿನ ಅಂಕ ನೋಡಿ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಿ, ಒಂದು ವರ್ಷದೊಳಗೆ ಟ್ರಾನ್ಸ್‌ಫರ್ ಮಟ್ಟದ ಇಂಗ್ಲಿಷ್ ಮತ್ತು ಗಣಿತ ಮುಗಿಸುವ ಅವಕಾಶ ಅತಿ ಹೆಚ್ಚು ಆಗುವ ಹಾಗೆ ನೋಡಿಕೊಳ್ಳಿ ಅಂತ ಅದರ ಸಾರ. 2019ರ ಶರತ್ಕಾಲದ ಸೆಮಿಸ್ಟರಿನಿಂದ ಎಲ್ಲ ಕಾಲೇಜೂ ಪಾಲಿಸಲೇಬೇಕು. ನಮ್ಮ ಸ್ಟಾಫ್ ರೂಮಿನಲ್ಲಿ ದೊಡ್ಡ ಗಲಾಟೆ. "ಭಿನ್ನರಾಶಿ ಕೂಡಿಸಕ್ಕೆ ಬರದವರನ್ನ ಸ್ಟ್ಯಾಟಿಸ್ಟಿಕ್ಸಿಗೆ ಕೂರಿಸೋದಾ?" ಅಂತ ಕೂಗಿದವರಲ್ಲಿ ನಾನೂ ಒಬ್ಬಳು.

ನನಗೆ ಸಿಕ್ಕಿದ್ದೂ ಅದೇ: ಟ್ರಾನ್ಸ್‌ಫರ್ ಮಟ್ಟದ ಸ್ಟ್ಯಾಟಿಸ್ಟಿಕ್ಸ್, ಜೊತೆಗೆ ವಾರಕ್ಕೆ ಎರಡು ಗಂಟೆಯ ಬೆಂಬಲ ತರಗತಿ. ಕೆಳಗಿನ ಕೋರ್ಸು ಮೊದಲು, ಮೇಲಿನದು ಆಮೇಲೆ ಅನ್ನುವ ಬದಲು ಎರಡನ್ನೂ ಒಟ್ಟಿಗೆ ನಡೆಸುವುದು. ಇಲ್ಲಿ ಅದಕ್ಕೆ ಕೋರಿಕ್ವಿಸಿಟ್ ಅನ್ನುತ್ತಾರೆ.

ಮೊದಲ ಸೆಮಿಸ್ಟರ್ ನಾನೇ ಕೆಡಿಸಿದೆ. ಹಳೇ ಅಂಕಗಣಿತದ ವರ್ಕ್‌ಶೀಟುಗಳ ಕಟ್ಟು ಬೀರುವಿನಲ್ಲಿತ್ತು. ಒಂದೊಂದರಲ್ಲಿ 40 ಲೆಕ್ಕ. ಬೆಂಬಲ ತರಗತಿ ಅಂದರೆ ಇದೇ ಅಲ್ವಾ ಅಂದುಕೊಂಡು ಮೊದಲ ವಾರ ಭಿನ್ನರಾಶಿ, ಎರಡನೇ ವಾರ ದಶಮಾಂಶ, ಮೂರನೇ ವಾರ ಋಣಸಂಖ್ಯೆ ಅಂತ ಹಂಚಿದೆ. ನಾಲ್ಕನೇ ವಾರಕ್ಕೆ ಅರ್ಧ ಬೆಂಚು ಖಾಲಿ. ಆಸ್ಪತ್ರೆಯಲ್ಲಿ ಸಹಾಯಕಿಯಾಗಿದ್ದ ಒಬ್ಬ ಹೆಂಗಸು ಬಾಗಿಲ ಹತ್ತಿರ ನಿಂತು, ಬೇಜಾರಿಲ್ಲದೆ, ತೀರ ಸಹಜವಾಗಿ ಹೇಳಿದಳು: "ಮಿಸ್, ಈ ಶೀಟನ್ನ ನಾನು ಆರನೇ ಕ್ಲಾಸಲ್ಲಿ ಮಾಡಿದೀನಿ, ಒಂಬತ್ತರಲ್ಲೂ ಮಾಡಿದೀನಿ. ಆಗ ಬರಲಿಲ್ಲ, ಈಗ ಹೇಗೆ ಬರುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳೇ ಒಂದು ದಿನ 1/2 ಮತ್ತು 1/3 ಕೂಡಿಸಿ 2/5 ಅಂತ ಬರೆದಳು. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ. ನನ್ನ ಅಭ್ಯಾಸ ಅಂದರೆ ತಕ್ಷಣ "ಲಸಾಅ ತೆಗಿ" ಅನ್ನುವುದು. ಅವತ್ತು ಯಾಕೋ ಸುಮ್ಮನಿದ್ದು ಕೇಳಿದೆ, 2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಸ್ವಲ್ಪ ಯೋಚಿಸಿ "ಕಡಿಮೆ" ಅಂದಳು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತಾ? ತುಂಬಾ ಹೊತ್ತು ಹಾಳೆ ನೋಡಿದಳು. ಆಮೇಲೆ ಅಂದದ್ದು ನನಗೆ ಮರೆಯುವುದಿಲ್ಲ: "ಇದಕ್ಕೆ ಅರ್ಥ ಇರಬೇಕು ಅಂತ ನನಗೆ ಗೊತ್ತಿರಲಿಲ್ಲ ಮಿಸ್. ರೂಲ್ ಅಂದ್ಕೊಂಡಿದ್ದೆ."

ಅಲ್ಲಿ ನನ್ನ ಯೋಚನೆಯ ದಿಕ್ಕು ತಿರುಗಿತು. ಅವಳಿಗೆ ಗಣಿತ ಕಡಿಮೆ ಆಗಿರಲಿಲ್ಲ, ನಿಯಮಗಳು ಜಾಸ್ತಿ ಆಗಿದ್ದವು. ಅರ್ಧ ಮರೆತ, ಒಂದಕ್ಕೊಂದು ಅಂಟಿಕೊಂಡ ನಿಯಮಗಳು. ನಾನು ವರ್ಕ್‌ಶೀಟ್ ಕೊಟ್ಟು ಅದರ ಮೇಲೆ ಇನ್ನೊಂದು ಪದರ ಬಳಿಯುತ್ತಿದ್ದೆ.

ಇನ್ನೊಬ್ಬ ಹುಡುಗ ಮನೆ ಕಟ್ಟುವ ಕೆಲಸದವನು, ಗೋಡೆಗೆ ಜಿಪ್ಸಮ್ ಹಲಗೆ ಹೊಡೆಯುತ್ತಿದ್ದ. ಹಾಳೆಯ ಮೇಲೆ 1/2 ದೊಡ್ಡದೋ 5/8 ದೊಡ್ಡದೋ ಅಂತ ಕೇಳಿದರೆ ತಡವರಿಸುತ್ತಿದ್ದ. ಅರ್ಧ ಇಂಚಿನ ಹಲಗೆ, ಐದೆಂಟಾಂಶದ ಹಲಗೆ, ಯಾವುದು ದಪ್ಪ ಅಂತ ಕೇಳಿದೆ. ನಕ್ಕುಬಿಟ್ಟ. ದಿನಾ ಹೊರುವವನಿಗೆ ಅದೂ ಒಂದು ಪ್ರಶ್ನೆಯಾ? ನನಗೆ ನಮ್ಮಜ್ಜಿ ನೆನಪಾದಳು. ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು ಅಂತ ಅಕ್ಕಿ ಅಳೆಯುತ್ತಾ ಕಾಲು, ಅರೆಕಾಲು, ಮುಕ್ಕಾಲು ಎಲ್ಲ ಬಾಯಲ್ಲೇ ಕೂಡಿ ಕಳೆಯುತ್ತಿದ್ದವಳು, ಮೊಮ್ಮಗಳ ಪುಸ್ತಕದಲ್ಲಿ ಒಂದರ ಕೆಳಗೆ ಗೆರೆ ಎಳೆದು ಎಂಟು ಬರೆದಿದ್ದು ನೋಡಿ ಇದೇನು ಅಂತ ಕೇಳುತ್ತಿದ್ದಳು. ಅರೆಕಾಲು ಅಜ್ಜಿ, ಅದೇ ಅರೆಕಾಲು!

ಎರಡನೇ ಸೆಮಿಸ್ಟರಿಗೆ ವರ್ಕ್‌ಶೀಟಿನ ಕಟ್ಟು ರದ್ದಿಗೆ ಹೋಯಿತು. ಬೆಂಬಲ ತರಗತಿಯನ್ನು ಹಿಂದೆ ನೋಡುವುದರಿಂದ ಮುಂದೆ ನೋಡುವುದಕ್ಕೆ ತಿರುಗಿಸಿದೆ. ನಾಳೆಯ ಸ್ಟ್ಯಾಟಿಸ್ಟಿಕ್ಸ್ ಪಾಠಕ್ಕೆ ಯಾವ ಹಳೇ ಗಣಿತ ಬೇಕೋ ಅದಷ್ಟೇ ಇವತ್ತು, ಅದೂ ನಾಳೆಯ ಲೆಕ್ಕದ ಒಳಗೇ. ಸರಾಸರಿ 72, ಹರವು 8 (ಅಂದರೆ 8 ಅಂಕಕ್ಕೆ ಒಂದು ಹೆಜ್ಜೆ) ಇರುವ ಪರೀಕ್ಷೆಯಲ್ಲಿ ಒಬ್ಬನಿಗೆ 60 ಬಂದರೆ ಅವನು ಸರಾಸರಿಗಿಂತ ಎಷ್ಟು ಹೆಜ್ಜೆ ದೂರ, ಯಾವ ಕಡೆ? ಉತ್ತರ ಮೈನಸ್ ಒಂದೂವರೆ. ಇಲ್ಲಿ ಮೈನಸ್ ಅಂದರೆ ಎಡಗಡೆ, ಕೆಳಗೆ. ಋಣಸಂಖ್ಯೆಯ ವಾರ ಅಂತ ಬೇರೆ ಬೇಕಾಗಲಿಲ್ಲ.

ದಶಮಾಂಶದ ವಿಷಯ ಇನ್ನೂ ಮಜಾ. 0.1 ದೊಡ್ಡದೋ 0.05 ದೊಡ್ಡದೋ? ಬಹಳ ಜನ 0.05 ಅಂದರು, ಐದು ಒಂದಕ್ಕಿಂತ ದೊಡ್ಡದಲ್ವಾ. ಸ್ಟ್ಯಾಟಿಸ್ಟಿಕ್ಸಿನಲ್ಲಿ ಇದು ಪ್ರಾಣ ತೆಗೆಯುವ ತಪ್ಪು, ಯಾಕೆಂದರೆ ಪಿ-ಬೆಲೆ, ಅಂದರೆ ಬರೀ ಆಕಸ್ಮಿಕವಾಗಿಯೇ ಇಂಥ ಫಲಿತಾಂಶ ಬರುವ ಸಂಭವ, 0.05ಕ್ಕಿಂತ ಕಡಿಮೆಯೋ ಅಲ್ಲವೋ ಅನ್ನುವುದರ ಮೇಲೆ ಕೋರ್ಸಿನ ಅರ್ಧ ನಿಂತಿದೆ. ನಾನು ಕ್ಲಾಸಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪು ಕೊಟ್ಟೆ. ಒಂದು ತುದಿ ಸೊನ್ನೆ, ಇನ್ನೊಂದು ತುದಿ ಒಂದು. ಪ್ರತಿಯೊಬ್ಬರಿಗೂ ಒಂದು ಚೀಟಿ: 0.3, 0.05, 0.049, 1/8, ನೂರಕ್ಕೆ 7. ಸಿಕ್ಕಿಸಿ, ಪಕ್ಕದವರ ಜೊತೆ ಜಗಳ ಆಡಿ. ಮೂವತ್ತು ದಾಟಿದವರು ಬಟ್ಟೆ ಕ್ಲಿಪ್ಪು ಹಿಡಿದು ಜಗಳ ಆಡುವುದನ್ನು ನೋಡಬೇಕು! ಆ ಹಗ್ಗ ಅಲ್ಲಿಂದ ಮುಂದೆ ಅಲ್ಲೇ ಇತ್ತು, ಪರೀಕ್ಷೆಯ ದಿನವೂ ತೆಗೆಯಲಿಲ್ಲ.

ಕ್ಯಾಲ್ಕುಲೇಟರಿನ ಬಗ್ಗೆ ಒಂದು ಮಾತು. 150 ಜನರ ಸಮೀಕ್ಷೆಯಲ್ಲಿ ನೂರಕ್ಕೆ 60 ಜನ ಹೌದು ಅಂದಿದ್ದಾರೆ, ಈ ಅಂಕಿ ಎಷ್ಟು ಆಚೀಚೆ ಆಗಬಹುದು? 0.6 ಗುಣಿಸು 0.4, ಭಾಗಿಸು 150, ಅದರ ವರ್ಗಮೂಲ. ಸರಿಯಾಗಿ ಒತ್ತಿದರೆ 0.04. ವರ್ಗಮೂಲದ ಆವರಣವನ್ನು ಭಾಗಾಕಾರದ ಮೊದಲೇ ಮುಚ್ಚಿದರೆ 0.0033 ಹತ್ತಿರ ಏನೋ ಬರುತ್ತದೆ, ಅದನ್ನೇ ನೀಟಾಗಿ ಬರೆದು ಗೆರೆ ಎಳೆಯುತ್ತಾರೆ. ಆವರಣದ ನಿಯಮ ಹತ್ತು ಸಲ ಹೇಳಿದೆ, ಹತ್ತಲಿಲ್ಲ. ಈಗ ಗುಂಡಿ ಒತ್ತುವ ಮೊದಲು ಉತ್ತರ ಸುಮಾರು ಎಷ್ಟಿರಬಹುದು ಅಂತ ಹಾಳೆಯ ಮೂಲೆಯಲ್ಲಿ ಬರೆಯಲೇಬೇಕು, ಅದಕ್ಕೂ ಅಂಕ ಇದೆ. 150 ಜನರನ್ನು ಮಾತ್ರ ಕೇಳಿ ಶೇಕಡಾ ಅರ್ಧದಷ್ಟೂ (0.5%) ಆಚೀಚೆ ಆಗಲ್ಲ ಅಂದರೆ ನಂಬ್ತೀರಾ ಅಂತ ಅವರವರೇ ಕೇಳಿಕೊಳ್ಳತೊಡಗಿದರು.

ಅಷ್ಟರಲ್ಲಿ 2020ರ ಮಾರ್ಚ್ ಬಂತು. ಹಗ್ಗ, ಕ್ಲಿಪ್ಪು ಎಲ್ಲ ಖಾಲಿ ಕ್ಲಾಸಿನಲ್ಲಿ, ನಾವು ಜೂಮಿನಲ್ಲಿ. ಆ ಕಾಲದ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಒಂದನ್ನು ಮಾತ್ರ ಅಲ್ಲಿಂದ ಉಳಿಸಿಕೊಂಡೆ, ಮೆಸೇಜು. ಮೊದಲ ಸಲ ಕ್ಲಾಸು ತಪ್ಪಿಸಿದ ದಿನವೇ "ಇವತ್ತು ಕಾಣಲಿಲ್ಲ, ಎಲ್ಲ ಸರಿ ಇದೆಯಾ?" ಅಂತ ಒಂದು ಸಾಲು. ಬಯ್ಯುವುದಿಲ್ಲ, ಅಂಕದ ಮಾತಿಲ್ಲ. ಪಾಠಕ್ಕಿಂತ ಇದೇ ಹೆಚ್ಚು ಜನರನ್ನು ಉಳಿಸಿತು ಅಂತ ನನಗೆ ಅನಿಸುತ್ತದೆ, ಹೇಳಲು ಸ್ವಲ್ಪ ನಾಚಿಕೆಯಾದರೂ. ಉತ್ತರವಾಗಿ ಬಂದಿದ್ದು ಕಾರು ಕೆಟ್ಟಿದೆ, ಪಾಳಿ ಬದಲಾಯಿತು, ಮಗುವಿಗೆ ಜ್ವರ. ಗಣಿತ ಅರ್ಥವಾಗಲಿಲ್ಲ ಅಂತ ಬಂದಿದ್ದು ಕಡಿಮೆ. ಒಂದು ವಾರ ತಪ್ಪಿದರೆ ನಾಚಿಕೆ, ಎರಡು ವಾರ ತಪ್ಪಿದರೆ ಇನ್ನು ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನುವುದು. ಆ ಎರಡನೇ ವಾರದ ಮೊದಲು ಹಿಡಿದುಕೊಳ್ಳಬೇಕು.

ಎಲ್ಲರೂ ಪಾಸಾಗುತ್ತಾರೆ ಅಂದುಕೊಳ್ಳಬೇಡಿ. ಈಗಲೂ ಪ್ರತಿ ಸೆಮಿಸ್ಟರ್ ಒಂದಷ್ಟು ಜನ ಬೀಳುತ್ತಾರೆ. ಅದರಲ್ಲಿ ಕೆಲವರಿಗೆ ನಿಜಕ್ಕೂ ಇನ್ನೂ ನಿಧಾನದ ಒಂದು ಕೋರ್ಸು ಇದ್ದಿದ್ದರೆ ಚೆನ್ನಾಗಿತ್ತು ಅಂತ ಅನಿಸಿದ್ದೂ ಉಂಟು. 2022ರಲ್ಲಿ ಎಬಿ 1705 ಅನ್ನುವ ಇನ್ನೊಂದು ಕಾನೂನು ಬಂದು ಕಟ್ಟುಪಾಡು ಇನ್ನೂ ಬಿಗಿಯಾಯಿತು. ಎಂಜಿನಿಯರಿಂಗ್ ಕಡೆ ಹೋಗುವವರನ್ನು ನೇರ ಕ್ಯಾಲ್ಕುಲಸ್ಸಿಗೆ ಕೂರಿಸುವ ಮಾತಿಗೆ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ಸ್ಟ್ಯಾಟಿಸ್ಟಿಕ್ಸಿಗೆ ಬೇಕಾಗುವ ಹಳೇ ಗಣಿತ ಸ್ವಲ್ಪವೇ, ನಡುವೆ ತುಂಬಿಕೊಡಬಹುದು. ಕ್ಯಾಲ್ಕುಲಸ್ಸಿನಲ್ಲಿ ಸಾಲುಸಾಲಿಗೂ ಬೀಜಗಣಿತ ಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಕ್ಲಾಸಿಗೆ ಬಂದು ಒಂದು ವಾರ ಕೂರಲಿ. ಆದರೆ ಹಳೇ ಮೆಟ್ಟಿಲು ವಾಪಸ್ ತನ್ನಿ ಅಂತ ಯಾರಾದರೂ ಅಂದರೆ ನಾನು ಆ 12 ಜನರ ಲೆಕ್ಕ ಬೋರ್ಡಿನ ಮೇಲೆ ಬರೆಯುತ್ತೇನೆ.

ಆಸ್ಪತ್ರೆಯ ಸಹಾಯಕಿ ಮೊದಲ ಸಲ ಪಾಸಾಗಲಿಲ್ಲ, ಅದು ನನ್ನ ವರ್ಕ್‌ಶೀಟ್ ಸೆಮಿಸ್ಟರ್. ಎರಡನೇ ಸಲ ಬೇರೆ ಮೇಷ್ಟ್ರ ಹತ್ತಿರ ಪಾಸು ಮಾಡಿದಳು. ಕಾರಿಡಾರಿನಲ್ಲಿ ಸಿಕ್ಕಾಗ ಅವಳೇ ಹೇಳಿದ್ದು, ಗ್ರೇಡ್ ಬಿ ಅಂತೆ.

ಈಗ ನನ್ನ ತಲೆನೋವು ಸಂಜೆಯ ಬ್ಯಾಚು. ಬೆಂಬಲ ತರಗತಿಯನ್ನು ಪಾಠದ ಆಮೇಲೆ ಇಟ್ಟರೆ ಒಂಬತ್ತು ಗಂಟೆಗೆ ಎಲ್ಲರೂ ತೂಕಡಿಸುತ್ತಾರೆ. ಅದಕ್ಕೆ ಈ ಸಲ ಪಾಠದ ಮೊದಲು ಇಟ್ಟೆ, 5:30ಕ್ಕೆ. ಬಸ್ಸು ಕಾಲೇಜಿನ ಮುಂದೆ ನಿಲ್ಲುವುದು 5:40ಕ್ಕೆ. ಹದಿನೈದು ನಿಮಿಷ ಮುಂದಕ್ಕೆ ಹಾಕಿ ಅಂತ ಆಫೀಸಿಗೆ ಫಾರ್ಮು ಕೊಟ್ಟಿದ್ದೇನೆ. ವೇಳಾಪಟ್ಟಿ ಈಗಾಗಲೇ ಅಚ್ಚಾಗಿದೆ, ಮುಂದಿನ ಸೆಮಿಸ್ಟರಿಗೆ ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ಮೊದಲ ಹದಿನೈದು ನಿಮಿಷ ಹಗ್ಗಕ್ಕೆ ಚೀಟಿ ಸಿಕ್ಕಿಸುವ ಆಟ. ತಡವಾಗಿ ಬಂದವರು ಚೀಟಿ ತಗೊಂಡು ನೇರ ಹಗ್ಗದ ಹತ್ತಿರ ಹೋಗುತ್ತಾರೆ.