ಗುರುವಾರ ಗೇಟಿಗೆ ಹೋಗಬೇಡಿ: ಪುಣೆಗೆ ಕೆಲಸ ಹುಡುಕಿ ಬರುವವರಿಗೆ

ಹದಿನೆಂಟು ವರ್ಷದ ಹಿಂದೆ ನಾನು ರಾತ್ರಿ ಬಸ್ಸಿಗೆ ಊರು ಬಿಟ್ಟು, ಬೆಳಗ್ಗೆ ಪುಣೆಯ ಸ್ವಾರಗೇಟ್‌ನಲ್ಲಿ ಇಳಿದು, ಹೆಗಲ ಮೇಲಿನ ಬ್ಯಾಗಿನ ಸಮೇತ ನೇರ ಭೋಸರಿಯ ಕಾರ್ಖಾನೆಗಳ ಕಡೆ ಹೋಗಿದ್ದೆ. ಒಂದು ಗೇಟಿನಲ್ಲೂ ಜನ ಇರಲಿಲ್ಲ. ಚಹಾ ಅಂಗಡಿಯ ಕಾಕಾ ಹೇಳಿದ ಮೇಲೆ ಗೊತ್ತಾಯಿತು, ಅವತ್ತು ಗುರುವಾರ. ಪಿಂಪ್ರಿ-ಚಿಂಚವಾಡ, ಭೋಸರಿ, ಚಾಕಣ್ ಕಡೆ ಬಹಳಷ್ಟು ಕಾರ್ಖಾನೆಗಳಿಗೆ ವಾರದ ಸೂಟಿ ಗುರುವಾರ, ಭಾನುವಾರ ಅಲ್ಲ. ಐಟಿ ಕೆಲಸಕ್ಕೆ ಹಿಂಜವಡಿ, ಖರಾಡಿ ಕಡೆ ಹೋಗುವವರಿಗೆ ಈ ಲೆಕ್ಕ ಇಲ್ಲ. ನಾನು ಬರೆಯುತ್ತಿರುವುದು ಐಟಿಐ, ಡಿಪ್ಲೊಮಾ ಮುಗಿಸಿ ಬರುವ ನಮ್ಮ ಹುಡುಗ ಹುಡುಗಿಯರಿಗೆ.

ಈಗ ಸ್ವಾರಗೇಟ್‌ನಿಂದ ಪಿಂಪ್ರಿಯವರೆಗೆ ಮೆಟ್ರೊ ಇದೆ. ನಾಶಿಕ್ ಫಾಟಾದಲ್ಲಿ ಇಳಿದರೆ ಭೋಸರಿ ಹತ್ತಿರ. ಬಸ್ಸಿನ ನಂಬರು ಎಷ್ಟೋ ಕಡೆ ದೇವನಾಗರಿ ಅಂಕಿಯಲ್ಲಿ ಇರುತ್ತದೆ, ಬರುವ ಮೊದಲೇ ಆ ಹತ್ತು ಅಂಕಿ ಕಲಿತುಬಿಡಿ. ಬಂದ ಕೂಡಲೇ ರೂಮು ಹಿಡಿಯಬೇಡಿ, ಡಿಪಾಸಿಟ್‌ಗೇ ಕೈ ಖಾಲಿ ಆಗುತ್ತದೆ. ಮೊದಲ ತಿಂಗಳು ಕಾಟ್ ಬೇಸಿಸ್ ಸಾಕು. ಒಂದು ಮಂಚದ ಬಾಡಿಗೆ, ಊಟ ಖಾನಾವಳಿಯಲ್ಲಿ.

ಇನ್ನು ಮುಖ್ಯ ಮಾತು. ಗೇಟಿನ ಮೇಲೆ ದೊಡ್ಡ ಕಂಪನಿಯ ಬೋರ್ಡು ಇರುತ್ತದೆ, ನಿಮ್ಮನ್ನು ಸೇರಿಸಿಕೊಳ್ಳುವವರು ಕಾಂಟ್ರಾಕ್ಟರ್ ಇರುತ್ತಾರೆ. ಅದು ತಪ್ಪಲ್ಲ, ನಾವು ಸುಮಾರು ಜನ ಹಾಗೇ ಶುರು ಮಾಡಿದವರು. ಆದರೆ ನಿಮ್ಮ ಹೆಸರು ಯಾರ ರೋಲ್‌ನಲ್ಲಿದೆ, ಅಂದರೆ ಯಾರ ಪಗಾರ ಪಟ್ಟಿಯಲ್ಲಿದೆ ಅಂತ ಮೊದಲ ದಿನವೇ ಕೇಳಿ. ಕೇಳೋಕೆ ನಾಚಿಕೆ ಬೇಡ. ನನ್ನ ಮೊದಲ ಕಾಂಟ್ರಾಕ್ಟರ್ ಒಂಬತ್ತು ತಿಂಗಳು ಪಗಾರದಲ್ಲಿ ಪಿಎಫ್ ಹಿಡಿದರು. ಅಪ್ಪನ ಆಪರೇಷನ್‌ಗೆ ಅಂತ ಆ ಹಣ ತೆಗೆಯಲು ಹೋದರೆ ನನ್ನ ಹೆಸರಲ್ಲಿ ಖಾತೆಯೇ ಇರಲಿಲ್ಲ. ಕೈಯಲ್ಲಿ ಒಂದು ಪಗಾರ ಚೀಟಿಯೂ ಇಲ್ಲದ ನಾನು ಯಾರಿಗೆ ಏನು ತೋರಿಸಲಿ?

ಆಗ ಯುಎಎನ್, ಅಂದರೆ ಪಿಎಫ್‌ನ ಕಾಯಂ ನಂಬರು, ಇರಲಿಲ್ಲ. 2014ರಿಂದ ಆ ನಂಬರು ಬಂದಿದೆ, ಕಂಪನಿ ಬದಲಾದರೂ ಅದೇ ಇರುತ್ತದೆ. ಊರಲ್ಲಿ ಮೊದಲೇ ಕೆಲಸ ಮಾಡಿದ್ದರೆ ಹಳೆಯದನ್ನೇ ಕೊಡಿ, ಹೊಸದು ಮಾಡಿಸಬೇಡಿ. ತಿಂಗಳಿಗೊಮ್ಮೆ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ನೋಡಿ. ಚೀಟಿಯಲ್ಲಿ ಕಡಿತ ಇದ್ದು ಪಾಸ್‌ಬುಕ್‌ನಲ್ಲಿ ಜಮೆ ಇಲ್ಲ ಅಂದರೆ ಎರಡನೇ ತಿಂಗಳಿಗೇ ಕೇಳಬಹುದು ಅಲ್ವಾ? ಪಗಾರ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡೂ ಕೇಳಿ ಪಡೆಯಿರಿ. ನಿಮ್ಮ ಪಾಲು ಬರೀ 0.75 ಪರ್ಸೆಂಟ್, ಕಾಯಿಲೆ ಬಿದ್ದಾಗ ಅದರ ಬೆಲೆ ಗೊತ್ತಾಗುತ್ತದೆ. ಚೀಟಿಯಲ್ಲಿ ಪಿಟಿ ಅಂತ 200, ಫೆಬ್ರವರಿಯಲ್ಲಿ 300 ಕಡಿತ ಕಂಡರೆ ಗಾಬರಿ ಬೇಡ, ಅದು ಮಹಾರಾಷ್ಟ್ರದ ವೃತ್ತಿ ತೆರಿಗೆ. ಹೆಣ್ಣುಮಕ್ಕಳಿಗೆ ತಿಂಗಳ ಪಗಾರ 25,000ದವರೆಗೆ ಅದು ಇಲ್ಲ.

ಅಪ್ರೆಂಟಿಸ್ ಆಗಿ ಸೇರಿದರೆ ಪಿಎಫ್ ಇರುವುದಿಲ್ಲ, ಅದನ್ನು ತಿಳಿದೇ ಸೇರಿ. ಫಾರ್ಮು, ಯೂನಿಫಾರ್ಮು, ಮೆಡಿಕಲ್ ಅಂತ ಕೆಲಸಕ್ಕೆ ಮೊದಲೇ ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಕೊಡಿ, ಒರಿಜಿನಲ್ ಯಾರ ಕೈಗೂ ಬಿಟ್ಟು ಬರಬೇಡಿ.

ಮರಾಠಿ ಬರಲ್ಲ ಅಂತ ಹೆದರಬೇಡಿ. ಸೂಪರ್‌ವೈಸರ್ ಹತ್ತಿರ "ಮಲಾ ಮರಾಠಿ ಥೋಡಿ ಥೋಡಿ ಯೇತೆ" (ನನಗೆ ಮರಾಠಿ ಸ್ವಲ್ಪ ಸ್ವಲ್ಪ ಬರುತ್ತದೆ) ಅಂದು ನೋಡಿ, ಮುಖ ಸಡಿಲ ಆಗುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರು ಇಲ್ಲಿ ಜಾಸ್ತಿ, ಹತ್ತು ಜನರ ಲೈನಿನಲ್ಲಿ ಒಬ್ಬರಾದರೂ "ಯಾವ ಊರು ನಿಮ್ದು?" ಅಂತ ಕೇಳೇ ಕೇಳುತ್ತಾರೆ. ನನಗೆ ಕಂಪನಿ ರೋಲ್‌ನ ಕೆಲಸ ಸಿಕ್ಕಿದ್ದೂ ಹಾಗೇ. ಖಾನಾವಳಿಯಲ್ಲಿ ಪಕ್ಕದಲ್ಲಿ ಕೂತಿದ್ದ ಇಂಡಿ ಕಡೆಯ ಅಣ್ಣ ಒಬ್ಬರು, ರೊಟ್ಟಿ ಮುರಿಯುತ್ತಲೇ, ತಮ್ಮ ಶಾಪ್‌ನಲ್ಲಿ ಇಬ್ಬರು ಟರ್ನರ್ ಬೇಕು ಅಂದರು. ಅವತ್ತೂ ಗುರುವಾರವೇ. ಸೂಟಿ ಇರೋದರಿಂದ ಎಲ್ಲರೂ ಪುರುಸೊತ್ತಾಗಿ ಊಟಕ್ಕೆ ಕೂರುವ ದಿನ ಅದು. ಗೇಟು ಮುಚ್ಚಿರುತ್ತದೆ ಅಂತ ರೂಮಿನಲ್ಲಿ ಮಲಗಬೇಡಿ, ಮಧ್ಯಾಹ್ನ ಒಂದು ಗಂಟೆಗೆ ಖಾನಾವಳಿಗೆ ಹೋಗಿ ಕೂತುಕೊಳ್ಳಿ.