ಬಿಳಿ ಪಂಚೆಯ ಮೇಲೆ ದಾಳಿಂಬೆ ಬಿಡಿಸಿದ ಅನುಭವ

ಕಳೆದ ಮಾಘ ಮಾಸದಲ್ಲಿ ದಾವಣಗೆರೆಯ ಕಲ್ಯಾಣ ಮಂಟಪವೊಂದರ ಅಡುಗೆಮನೆಯಲ್ಲಿ ಒಗೆದು ಇಸ್ತ್ರಿ ಮಾಡಿದ ಬಿಳಿ ಪಂಚೆಯೊಂದನ್ನು ಹಾಸಿಕೊಂಡು, ಅದರ ಮೇಲೆಯೇ ಸುಮಾರು 40 ದಾಳಿಂಬೆ ಹಣ್ಣುಗಳನ್ನು ಬಿಡಿಸಿದೆ. ಎದ್ದಾಗ ಪಂಚೆಯ ಮೇಲೆ ಸಾಸಿವೆ ಗಾತ್ರದ ಐದಾರು ಚುಕ್ಕೆಗಳಿದ್ದವು. ನೀರಿನಲ್ಲಿ ಮುಳುಗಿಸದೆ ದಾಳಿಂಬೆಯನ್ನು ಚೊಕ್ಕಟವಾಗಿ ಬಿಡಿಸಲು ಸಾಧ್ಯವೇ ಇಲ್ಲವೆಂದು ಎರಡು ವರ್ಷಗಳಿಂದ ವಾದಿಸುತ್ತಿದ್ದ ಅಡುಗೆ ಗುತ್ತಿಗೆದಾರರು ಪಂಚೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಅಕ್ಕಾರೆ, ಮುಂದಿನ ಲಗ್ನಕ್ಕೂ ನೀವೇ ಕಾಳು ಕೊಡ್ರಿ" ಎಂದರು. ಆ ಮಾತಿನ ಬಲದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮದುವೆ ಮನೆಗಳಿಗೆ, ಹಣ್ಣಿನ ಅಂಗಡಿಗಳಿಗೆ ದಾಳಿಂಬೆ ಕಾಳು ಬಿಡಿಸಿ ಕೊಡುವ ಕೆಲಸವನ್ನು ನಾನು ನಾಲ್ಕು ವರ್ಷಗಳಿಂದ ಮಾಡುತ್ತಿದ್ದೇನೆ. ಹಣ್ಣು ಹಿರಿಯೂರು, ಹೊಸದುರ್ಗದ ಕಡೆಯಿಂದ ಬರುತ್ತದೆ. ಬಹುಪಾಲು ಭಗವಾ ತಳಿ. ಮುನ್ನೂರು ಎಲೆಯ ಊಟಕ್ಕೆ ಮೊಸರನ್ನ, ಕೋಸಂಬರಿ, ಹಣ್ಣಿನ ಸಲಾಡ್ ಎಲ್ಲ ಸೇರಿ ಐದಾರು ಕಿಲೋ ಕಾಳು ಬೇಕಾಗುತ್ತದೆ. ಮನೆಯಲ್ಲಿ ಒಂದು ಹಣ್ಣು ಬಿಡಿಸುವಾಗ ನಾಲ್ಕು ಹನಿ ಸಿಡಿದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮಂಥವರಿಗೆ ಹಾಗಲ್ಲ, ಸಿಡಿದ ಪ್ರತಿಯೊಂದು ಹನಿಯೂ ಒಡೆದ ಒಂದು ಕಾಳು, ಒಡೆದ ಪ್ರತಿಯೊಂದು ಕಾಳೂ ತೂಕದಲ್ಲಿ ಕಳೆದುಹೋದ ಹಣ.

ಮೊದಲ ವರ್ಷ ಎಲ್ಲರಂತೆ ನಾನೂ ಹಣ್ಣನ್ನು ಈಳಿಗೆಮಣೆಯಲ್ಲಿ ಅಡ್ಡಕ್ಕೆ ಎರಡು ಹೋಳು ಮಾಡುತ್ತಿದ್ದೆ. ಒಂದೊಂದು ಹಣ್ಣಿನಲ್ಲಿಯೂ ಮೂವತ್ತು ನಲವತ್ತು ಕಾಳು ಅಲ್ಲಿಯೇ ತುಂಡಾಗುತ್ತಿದ್ದವು. ಸಿಪ್ಪೆಯ ಒಗರು ಕಬ್ಬಿಣಕ್ಕೆ ತಾಗಿ ಅಲಗು, ಬೆರಳು, ಹೋಳಿನ ಅಂಚು ಮೂರೂ ಕಪ್ಪಾಗುತ್ತಿದ್ದವು. ಹೋಳನ್ನು ಬೋರಲು ಹಿಡಿದು ಸೌಟಿನಿಂದ ಬಡಿಯುವ ವಿಧಾನದಲ್ಲಿ ವೇಗವಿದೆ, ನಿಜ. ಆದರೆ ಬಾಡಿಗೆ ಮನೆಯ ಸುಣ್ಣದ ಗೋಡೆಗೆ ಸಿಡಿದ ಕಲೆಯನ್ನು ಸೋಪಿನ ನೀರಿನಿಂದ ಒರೆಸಲು ಹೋದಾಗ ಕೆಂಪು ಕಲೆ ನೀಲಿಗೆ ತಿರುಗಿ ಇನ್ನಷ್ಟು ಹರಡಿಕೊಂಡಿತು, ಮನೆ ಮಾಲೀಕರಿಗೆ ಬಣ್ಣದ ಖರ್ಚೆಂದು 1,800 ರೂಪಾಯಿ ಕೊಡಬೇಕಾಯಿತು. ಬಳಿಕ ಸುಮಾರು 350 ರೂಪಾಯಿ ಕೊಟ್ಟು ಪ್ಲಾಸ್ಟಿಕ್ ಜಾಲರಿಯ ಉಪಕರಣವೊಂದನ್ನು ತರಿಸಿದೆ. ಭಗವಾ ಹಣ್ಣಿನ ದಪ್ಪ ಸಿಪ್ಪೆಯ ಮೇಲೆ ಬಡಿದು ಬಡಿದು ಎರಡನೆಯ ವಾರದಲ್ಲಿ ಅದು ಸೀಳಿತು.

ನೀರಿನ ವಿಧಾನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ನನ್ನ ವೃತ್ತಿಯವರಲ್ಲಿ ಹತ್ತರಲ್ಲಿ ಎಂಟು ಜನ ಇಂದಿಗೂ ಅದನ್ನೇ ನಂಬಿದ್ದಾರೆ. ಪಾತ್ರೆಯ ನೀರಿನೊಳಗೆ ಹಣ್ಣನ್ನು ಬಿಡಿಸಿದರೆ ಒಂದು ಹನಿಯೂ ಹೊರಗೆ ಸಿಡಿಯುವುದಿಲ್ಲ, ಪೊರೆ ತೇಲುತ್ತದೆ, ಕಾಳು ತಳಕ್ಕೆ ಇಳಿಯುತ್ತದೆ. ತಕ್ಷಣ ತಿನ್ನುವುದಾದರೆ ಇದಕ್ಕಿಂತ ಸುಲಭವಾದ ದಾರಿ ಇಲ್ಲ. ಕಾಳನ್ನು ಮರುದಿನಕ್ಕೆ ಇಡಬೇಕಾದವರಿಗೆ ಮಾತ್ರ ಇದು ಸಲ್ಲದು. ಎಷ್ಟು ಬಸಿದರೂ ಕಾಳುಗಳ ನಡುವೆ ತೇವ ಉಳಿಯುತ್ತದೆ. ಬಟ್ಟೆಯ ಮೇಲೆ ಹರಡಿ ಫ್ಯಾನಿನ ಕೆಳಗೆ ಆರಿಸಲು ಹೋದರೆ ಮೇಲಿನ ಕಾಳು ಬಾಡುತ್ತದೆ, ಕೆಳಗಿನದು ಒದ್ದೆಯಾಗಿಯೇ ಇರುತ್ತದೆ. ಎರಡನೆಯ ವರ್ಷದ ವೈಶಾಖದಲ್ಲಿ ಹೀಗೆ ಹಿಂದಿನ ರಾತ್ರಿಯೇ ಬಿಡಿಸಿಟ್ಟ ಏಳು ಕಿಲೋ ಕಾಳನ್ನು ಒಂದು ಮದುವೆಗೆ ಕಳುಹಿಸಿದ್ದೆ. ಮೊಸರನ್ನಕ್ಕೆ ಹಾಕಿದ ಅರ್ಧ ಗಂಟೆಯಲ್ಲಿ ಅನ್ನವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತು. ಉಳಿದದ್ದನ್ನು ಹಿಂದಕ್ಕೆ ಕಳುಹಿಸಿದರು, ಹಣವನ್ನೂ ಕೊಡಲಿಲ್ಲ. ಸುಮಾರು 2,000 ರೂಪಾಯಿ ಹೋಯಿತು. ಆ ರಾತ್ರಿ ನನ್ನ ಅತ್ತೆಯವರು ನನ್ನ ಪಕ್ಕದಲ್ಲಿ ಕುಳಿತು, "ಇದು ಬೇಡವ್ವ, ರೊಟ್ಟಿ ಮಾಡಿ ಮಾರಿದ್ರೂ ಇಷ್ಟು ಲುಕ್ಸಾನ ಇರಲ್ಲ" ಎಂದರು. ಆ ವರ್ಷದ ಒಟ್ಟು ನಷ್ಟ ಒಂಬತ್ತು ಸಾವಿರದ ಆಸುಪಾಸಿನಲ್ಲಿತ್ತೆಂದು ನನ್ನ ನೆನಪು.

ನಷ್ಟ ತುಂಬಿಕೊಳ್ಳಲು ಇನ್ನೊಂದು ತಪ್ಪು ಮಾಡಿದೆ. ತೋಟದಲ್ಲಿ ನೀರಿನ ಏರುಪೇರಿನಿಂದ ಮರದಲ್ಲಿಯೇ ಒಡೆದ ಹಣ್ಣು ಅರ್ಧ ಬೆಲೆಗೆ ಸಿಗುತ್ತದೆಂದು ಒಂದು ಕ್ರೇಟ್ ತಂದೆ. ಬಿರುಕಿನ ಸುತ್ತಲಿನ ಕಾಳನ್ನಷ್ಟೇ ತೆಗೆದು ಹಾಕಿದರೆ ಸಾಕೆಂದುಕೊಂಡಿದ್ದೆ. ತೆರೆದು ನೋಡಿದರೆ ಬೂಸ್ಟು ಒಳಗೊಳಗೇ ಕಾಳು ತುಂಬಿದ ಕೋಣೆಗಳಲ್ಲಿ, ಅಂದರೆ ಅರೆಗಳಲ್ಲಿ, ಮೂರು ನಾಲ್ಕಕ್ಕೆ ಹಬ್ಬಿತ್ತು. ಅರ್ಧಕ್ಕಿಂತ ಹೆಚ್ಚು ತಿಪ್ಪೆಗೆ ಹೋಯಿತು.

ದಾರಿ ಸಿಕ್ಕಿದ್ದು ಹಣ್ಣನ್ನು ಕೊಯ್ಯುವುದನ್ನು ನಿಲ್ಲಿಸಿ ನೋಡುವುದಕ್ಕೆ ಕುಳಿತಾಗ. ತೊಟ್ಟಿನ ಎದುರು ತುದಿಯಲ್ಲಿರುವ ಕಿರೀಟದ ಕಡೆಯಿಂದ ಮುಚ್ಚಳದಂತೆ ಸಿಪ್ಪೆ ತೆಗೆದರೆ ಬಂಡಿಚಕ್ರದ ಅರಗಳಂತೆ ಬಿಳಿಯ ಗೋಡೆಗಳು ಕಾಣಿಸುತ್ತವೆಂಬುದು, ಆ ಗೋಡೆಗಳ ನೇರಕ್ಕೆ ಗೀರಿದರೆ ಹಣ್ಣು ಹೂವಿನಂತೆ ಬಿಚ್ಚಿಕೊಳ್ಳುತ್ತದೆಂಬುದು ನಿಮಗೆಲ್ಲ ಗೊತ್ತಿರುವುದೇ. ನಾನೂ ಹಾಗೆಯೇ ಮಾಡುತ್ತಿದ್ದೆ, ಆದರೂ ತೊಟ್ಟಿನ ಕಡೆಯಲ್ಲಿ ಪ್ರತಿ ಸಲವೂ ರಸ ಒಸರುತ್ತಿತ್ತು. ಹತ್ತು ಹನ್ನೆರಡು ಹಣ್ಣುಗಳನ್ನು ನಿಧಾನವಾಗಿ ಬಿಚ್ಚಿ ನೋಡಿದ ಮೇಲೆ ತಿಳಿದದ್ದು ಇಷ್ಟು: ದಾಳಿಂಬೆಯ ಒಳಗಿರುವುದು ಎರಡು ಅಂತಸ್ತು. ಕಿರೀಟದ ಕಡೆಯ ಮೇಲಂತಸ್ತಿನಲ್ಲಿ ಸಾಮಾನ್ಯವಾಗಿ ಐದಾರು ಅರೆಗಳು, ತೊಟ್ಟಿನ ಕಡೆಯ ಕೆಳಗಿನ ಅಂತಸ್ತಿನಲ್ಲಿ ಸಾಮಾನ್ಯವಾಗಿ ಮೂರೇ ಅರೆಗಳು, ನಡುವೆ ಓರೆಯಾದ ಒಂದು ಪೊರೆ. ಮೇಲಿನ ಗೋಡೆಗಳು ಕೆಳಗಿನವುಗಳ ನೇರಕ್ಕೆ ಇರುವುದಿಲ್ಲ. ಕಿರೀಟದಿಂದ ತೊಟ್ಟಿನವರೆಗೆ ಒಂದೇ ಉಸಿರಿನಲ್ಲಿ ಗೀರು ಎಳೆದರೆ ಚಾಕು ಕೆಳಗಿನ ಅರೆಗಳ ನಟ್ಟನಡುವೆ ಕಾಳುಗಳನ್ನು ಸೀಳುತ್ತಾ ಹೋಗುತ್ತದೆ. ಎರಡು ವರ್ಷ ನನ್ನ ಬಟ್ಟೆಗಳನ್ನು ಹಾಳು ಮಾಡಿದ್ದು ಆ ಕೆಳಗಿನ ಅರ್ಧ ಗೀರು.

ಈಗ ನಾನು ಗೀರನ್ನು ಹಣ್ಣಿನ ನಡುವಿನಿಂದ ಒಂದು ಬೆರಳಿನಷ್ಟು ಕೆಳಗೆ ನಿಲ್ಲಿಸುತ್ತೇನೆ. ಚಿಕ್ಕ ಸ್ಟೀಲ್ ಚಾಕುವಿನ ತುದಿಯನ್ನು ನಾಲ್ಕು ಮಿಲಿಮೀಟರಿನಷ್ಟು ಮಾತ್ರ ಬಿಟ್ಟು ಉಳಿದ ಅಲಗಿಗೆ ದಪ್ಪ ನೂಲನ್ನು ಬಿಗಿಯಾಗಿ ಸುತ್ತಿರುವುದರಿಂದ, ಕೈ ಜಾರಿದರೂ ಅದು ಸಿಪ್ಪೆಯನ್ನು ದಾಟಿ ಒಳಗೆ ಇಳಿಯುವುದಿಲ್ಲ. ನೂಲನ್ನು ದಿನವೂ ಬದಲಿಸುತ್ತೇನೆ. ಮುಚ್ಚಳ ತೆಗೆಯುವಾಗಲೂ ಕಿರೀಟವನ್ನು ನೇರವಾಗಿ ಕತ್ತರಿಸದೆ, ಅದರ ಸುತ್ತ ಚಾಕುವನ್ನು ಒಳಮುಖವಾಗಿ ಓರೆ ಹಿಡಿದು ದುಂಡಗೆ ಗೀರಿ ಎತ್ತುತ್ತೇನೆ. ಹೆಬ್ಬೆರಳುಗಳನ್ನು ನಡುವಿಗೆ ಇಳಿಸಿ ಹೊರಕ್ಕೆ ಒತ್ತಿದರೆ ಮೇಲಿನ ಅರೆಗಳು ಎಸಳಿನಂತೆ ಬಿಚ್ಚಿಕೊಳ್ಳುತ್ತವೆ, ಕೆಳಗಿನ ಭಾಗ ಬಟ್ಟಲಿನಂತೆ ಉಳಿಯುತ್ತದೆ. ಓರೆ ಪೊರೆಯನ್ನು ಉಗುರಿನಿಂದ ಸುಲಿದರೆ ಮೂರು ಗೋಡೆಗಳು ಎದುರಿಗೆ ನಿಲ್ಲುತ್ತವೆ. ಅವುಗಳ ನೇರಕ್ಕೆ ಬಟ್ಟಲಿನ ಅಂಚಿನಲ್ಲಿ ಸಣ್ಣ ಗೀರು ಕೊಟ್ಟು, ತೊಟ್ಟಿನ ಕಡೆಯಿಂದ ಹೆಬ್ಬೆರಳಿನಲ್ಲಿ ಮೇಲಕ್ಕೆ ಒತ್ತಿದರೆ ಅದು ತಾನಾಗಿಯೇ ಮೂರಾಗಿ ಬಿರಿಯುತ್ತದೆ. ಮುಂದೆ ಬಡಿಯುವ ಅಗತ್ಯವೇ ಇಲ್ಲ, ಒಂದೊಂದು ತುಂಡಿನ ಸಿಪ್ಪೆಯನ್ನು ಹಿಂದಕ್ಕೆ ಬಾಗಿಸಿದರೆ ಕಾಳುಗಳ ಬುಡ ಸಡಿಲವಾಗಿ ಬೆರಳು ಸೋಕಿದರೆ ಉದುರುತ್ತವೆ.

ಬಿಡಿಸುವ ಹಿಂದಿನ ರಾತ್ರಿ ಹಣ್ಣುಗಳನ್ನು ಹೇಗೆ ಇಡುತ್ತೇನೆ, ಬಿಡಿಸಿದ ಕಾಳನ್ನು ಡಬ್ಬಿಯಲ್ಲಿ ಯಾವುದರ ಮೇಲೆ ಹರಡುತ್ತೇನೆ ಎಂಬ ಎರಡು ಸಂಗತಿಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಸಂಪಾದನೆ ಅವುಗಳ ಮೇಲೆಯೇ ನಿಂತಿದೆ. ಫ್ರಿಜ್ಜಿನಲ್ಲಿ ನನ್ನ ಕಾಳು ಐದು ದಿನ ಹೊಳಪು ಕಳೆದುಕೊಳ್ಳುವುದಿಲ್ಲ ಎಂದಷ್ಟು ಹೇಳಬಲ್ಲೆ.

ಲೆಕ್ಕ ಹೀಗಿದೆ. ಕಿಲೋಗೆ 110 ರೂಪಾಯಿಯಂತೆ ಹತ್ತು ಕಿಲೋ ಹಣ್ಣಿಗೆ 1,100 ರೂಪಾಯಿ. ನೀರಿನ ವಿಧಾನದಲ್ಲಿ ಆರಿಸಿ ಒಡಕು ಕಳೆದ ಮೇಲೆ ಮಾರಲು ಉಳಿಯುತ್ತಿದ್ದದ್ದು ಐದು ಕಿಲೋ. ಈಗ ಐದೂಮುಕ್ಕಾಲಕ್ಕೆ ಕಡಿಮೆಯಿಲ್ಲ. ಕಿಲೋಗೆ 300ರಂತೆ ಮಾರಿ, ಸಹಾಯಕ್ಕೆ ಬರುವ ಹೆಣ್ಣುಮಗಳ ಕೂಲಿ, ಆಟೋ ಬಾಡಿಗೆ ಸೇರಿ 200 ರೂಪಾಯಿ ಕಳೆದರೆ ಕೈಯಲ್ಲಿ 400 ರೂಪಾಯಿಗೆ ಸ್ವಲ್ಪ ಹೆಚ್ಚೇ ಉಳಿಯುತ್ತದೆ. ಮೊದಲು ಒಂದು ಹಣ್ಣಿಗೆ ಏಳೆಂಟು ನಿಮಿಷ ಹಿಡಿಯುತ್ತಿತ್ತು. ಈಗ 250 ಗ್ರಾಮಿನ ನಲವತ್ತು ಹಣ್ಣುಗಳನ್ನು ಒಂದು ಗಂಟೆಯಲ್ಲಿ ಮುಗಿಸುತ್ತೇನೆ. ನಮ್ಮ ಊರಿನಲ್ಲಿ ಒಣಗೈಯಲ್ಲಿ ಈ ವೇಗಕ್ಕೆ ಬಿಡಿಸುವವರನ್ನು ನಾನಂತೂ ನೋಡಿಲ್ಲ.

ಸಿಪ್ಪೆ ಚೂರಾಗದೆ ಎಸಳೆಸಳಾಗಿ ಉಳಿಯುವುದರಿಂದ ಅದರಲ್ಲಿಯೂ ಒಂದೆರಡು ಪ್ರಯೋಗ ಮಾಡಿದೆ. ನೆರಳಿನಲ್ಲಿ ಒಣಗಿಸಿ ಕುದಿಸಿದ ಸಿಪ್ಪೆಯ ನೀರಿನಲ್ಲಿ, ಪಟಿಕ ಹಾಕಿ ಅದ್ದಿದ ಹತ್ತಿ ಬಟ್ಟೆ ಚೆಂದದ ಹಳದಿಯಾಯಿತು; ಅದೇ ನೀರಿಗೆ ತುಕ್ಕು ಹಿಡಿದ ಮೊಳೆಗಳನ್ನು ಹಾಕಿದಾಗ ಬಟ್ಟೆ ಬೂದುಗಪ್ಪಾಯಿತು. ಈಳಿಗೆಮಣೆ ಕಪ್ಪಾಗುತ್ತಿದ್ದುದಕ್ಕೂ ಕಾರಣ ಇದೇ. ಬಿದ್ದು ಜಜ್ಜಿದ ಕಾಳುಗಳನ್ನು ಒಣಗಿಸಿ, ಅಡುಗೆಗೆ ಹುಳಿಗಾಗಿ ಹಾಕುವ ಅನಾರ್‌ದಾನಾ ಮಾಡಲು ನೋಡಿದ್ದು ಮಾತ್ರ ಫಲಿಸಲಿಲ್ಲ. ಅದಕ್ಕೆ ಹಿಮಾಲಯದ ಕಡೆಯ ಹುಳಿ ದಾಳಿಂಬೆಯೇ ಬೇಕು, ನಮ್ಮ ಸಿಹಿ ಭಗವಾ ಒಣಗಿ ಅಂಟು ಉಂಡೆಯಾಯಿತು.

ಗಣೇಶ ತಳಿಯ ಹಣ್ಣು ಇನ್ನೂ ನನ್ನ ಕೈಗೆ ಪೂರ್ತಿ ಒಗ್ಗಿಲ್ಲ. ನನಗೆ ಬಂದ ಹಣ್ಣುಗಳಲ್ಲಿ ಸಿಪ್ಪೆ ತೆಳುವಾಗಿತ್ತು, ನಾಲ್ಕು ಮಿಲಿಮೀಟರಿನ ತುದಿಯೂ ಅವಕ್ಕೆ ಹೆಚ್ಚಾಗಿ ಕಾಳಿಗೆ ತಾಗಿತು. ಅದಕ್ಕೆಂದೇ ಎರಡೂವರೆ ಮಿಲಿಮೀಟರ್ ತುದಿ ಬಿಟ್ಟು ನೂಲು ಸುತ್ತಿದ ಇನ್ನೊಂದು ಚಾಕುವನ್ನು ಸಿದ್ಧಪಡಿಸಿದ್ದೇನೆ. ಈ ವಾರ ಎರಡು ಕಿಲೋ ಹಣ್ಣು ತರಿಸಿ ಅದೇ ಪಂಚೆಯ ಮೇಲೆ ನೋಡಬೇಕು.