16 ಎಂಎಲ್ಲೋ, 111 ಎಂಎಲ್ಲೋ?

ನಾನು ಅರಿವಳಿಕೆ ಡಾಕ್ಟರ್. ಪ್ರಜ್ಞೆ ತಪ್ಪಿಸುವ ಮುಂಚೆ ರೋಗಿಯ ಹೊಟ್ಟೆ ಖಾಲಿ ಇದೆಯಾ ಅಂತ ತಿಳಿಯಲೇಬೇಕು. ಇಲ್ಲದಿದ್ದರೆ ಒಳಗಿನದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಹಳೇ ಸಕ್ಕರೆ ಕಾಯಿಲೆಯವರಲ್ಲಿ ಉಪವಾಸದ ಲೆಕ್ಕ ನಂಬುವಂತಿಲ್ಲ. ನರಗಳು ಸೋತು ಹೊಟ್ಟೆ ನಿಧಾನವಾಗಿರುತ್ತದೆ. ಅವರಿಗೆ ಅಲ್ಟ್ರಾಸೌಂಡ್ ಇಟ್ಟು ನೋಡುತ್ತೇನೆ.

ಒಮ್ಮೆ ಪಿತ್ತಕೋಶದ ಆಪರೇಷನ್‌ಗೆ ಬಂದ ಯಜಮಾನರೊಬ್ಬರು. ವಯಸ್ಸು 60, ತೂಕ 60 ಕೆಜಿ. "ರಾತ್ರಿ ಎಂಟಕ್ಕೆ ಗಂಜಿ ಕುಡಿದದ್ದಷ್ಟೇ" ಅಂದರು. ಜೆಲ್ ಹಚ್ಚಿದಾಗ, "ಕೂಸು ಇದೆಯಾ ನೋಡ್ತೀರಾ ಡಾಕ್ಟ್ರೇ?" ಅಂತ ನಕ್ಕರು.

ಬಲ ಮಗ್ಗುಲಿಗೆ ಮಲಗಿಸಿದೆ. ಹಾಗೆ ಮಲಗಿದರೆ ದ್ರವ ಹೊಟ್ಟೆಯ ಕೆಳಭಾಗಕ್ಕೆ, ಅಂದರೆ ಆಂಟ್ರಮ್‌ಗೆ ಹರಿದು ಬರುತ್ತದೆ. ಎದೆಮೂಳೆಯ ಕೆಳಗೆ ಪ್ರೋಬನ್ನು, ಅಂದರೆ ಮೈಮೇಲೆ ಇಡುವ ಅಲ್ಟ್ರಾಸೌಂಡ್ ಉಪಕರಣವನ್ನು, ಉದ್ದಕ್ಕೆ ಇಟ್ಟರೆ, ಲಿವರ್‌ನ ಎಡಭಾಗದ ಹಿಂದೆ ಅದು ಕಾಣುತ್ತದೆ. ಪರದೆಯ ಚಿತ್ರ ಫ್ರೀಜ್ ಮಾಡಿ ಹೊರ ಅಂಚಿನಿಂದ ಹೊರ ಅಂಚಿಗೆ ಎರಡು ವ್ಯಾಸ ಅಳೆದೆ: 2.6 ಮತ್ತು 2.2 ಸೆಂ.ಮೀ. ಎರಡನ್ನೂ ಗುಣಿಸಿ ಮತ್ತೆ 0.785ರಿಂದ ಗುಣಿಸಿದರೆ ವಿಸ್ತೀರ್ಣ, 4.5 ಚದರ ಸೆಂ.ಮೀ. ಇದರಿಂದ ಹೊಟ್ಟೆಯಲ್ಲಿ ಎಷ್ಟು ದ್ರವ ಇದೆ ಅಂತ ತಿಳಿಯಲು ಟೊರಾಂಟೊದ ಅರಿವಳಿಕೆ ವೈದ್ಯೆ ಅನಾಹಿ ಪರ್ಲಾಸ್ ತಂಡದ ಸೂತ್ರ ಸುಲಭ. ವಿಸ್ತೀರ್ಣವನ್ನು 14.6ರಿಂದ ಗುಣಿಸಿ, 27 ಕೂಡಿಸಿ, ವಯಸ್ಸಿನ 1.28 ಪಟ್ಟು ಕಳೆಯಬೇಕು. ಬಂದದ್ದು 16 ಎಂಎಲ್. ಖಾಲಿ ಅಂದುಕೊಂಡೆ.

ಪ್ರೋಬ್ ಎತ್ತುವ ಮುಂಚೆ ಸುಮ್ನೆ ಫ್ರೀಜ್ ಬಿಟ್ಟೆ. ನೋಡನೋಡುತ್ತಲೇ ಆಂಟ್ರಮ್ ಅಗಲವಾಯಿತು! ನಾನು ಅಳೆದಿದ್ದು ಹೊಟ್ಟೆಯನ್ನು ಹಿಂಡುವ ಅಲೆ ಹಾದು ಹೋಗುವಾಗ, ಗೋಡೆ ಬಿಗಿದುಕೊಂಡಿದ್ದ ಗಳಿಗೆಯಲ್ಲಿ. ಸಡಿಲವಾದ ಮೇಲೆ ಮತ್ತೆ ಅಳೆದರೆ 4 ಮತ್ತು 3.5 ಸೆಂ.ಮೀ. ಲೆಕ್ಕ 111 ಎಂಎಲ್‌ಗೆ ಹೋಯಿತು. ಕೆಜಿಗೆ 1.5 ಎಂಎಲ್‌ನಂತೆ ಅವರಿಗೆ ಸುರಕ್ಷಿತ ಮಿತಿ 90.

ಆಪರೇಷನ್ ಮುಂದೂಡಿದೆವು. ಸರ್ಜನ್‌ಗೆ ಸ್ವಲ್ಪ ಮುನಿಸು. ಇರಲಿ.

ಈಗ ಒಂದೆರಡು ನಿಮಿಷ ಪರದೆ ನೋಡುತ್ತಾ ಕೂರುತ್ತೇನೆ. ಊಟದ ನಂತರ ಅಲೆಗಳು ನಿಮಿಷಕ್ಕೆ ಸುಮಾರು 3 ಬರುತ್ತವೆ. ಖಾಲಿ ಹೊಟ್ಟೆಯಲ್ಲಿ ಒಂದೂ ಬರದೆ ಇರಬಹುದು, ಅದೂ ಸಹಜವೇ. ಹಾಗಾಗಿ ಉಪವಾಸದಲ್ಲಿ ಅಲೆ ಎಣಿಸಿ ಹೊಟ್ಟೆ ನಿಧಾನ ಅಂತ ತೀರ್ಮಾನಿಸುವುದಿಲ್ಲ. ಅಲೆಗಳ ನಡುವೆ ಮೂರು ಸಲ ಅಳೆದು ಸರಾಸರಿ ತೆಗೆಯುತ್ತೇನೆ, ಅಷ್ಟೇ. ಗಟ್ಟಿ ಆಹಾರ ಕಂಡರೆ ಸೂತ್ರದ ಗೊಡವೆಯೇ ಇಲ್ಲ, ಹೊಟ್ಟೆ ತುಂಬಿದೆ ಅಂತಲೇ ಲೆಕ್ಕ.

ಮರುದಿನವಿಡೀ ಅವರಿಗೆ ಬರೀ ತೆಳು ದ್ರವ ಕೊಟ್ಟೆವು. ಅದರ ಮಾರನೇ ಬೆಳಿಗ್ಗೆ ಮತ್ತೆ ಪ್ರೋಬ್ ಇಟ್ಟೆ. ಆಂಟ್ರಮ್‌ನ ಮುಂದಿನ ಗೋಡೆ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು, ಅಂದರೆ ಖಾಲಿ. ಆದರೂ ಎರಡು ನಿಮಿಷ ಕಾದೆ. "ಇವತ್ತೂ ಕೂಸಿಲ್ವಾ?" ಅಂದರು ಯಜಮಾನರು.